ಪೀಪಾಯಿಯೊಳಗಿನ ಮಾತು

ಸಮುದ್ರದಾಚೆ ಕಾಣುವ ಅನಾಫಿ ದ್ವೀಪದ ಬೆನ್ನ ಮೇಲೆ ಬೆಳಕು ಈಗಷ್ಟೇ ಹತ್ತುತ್ತಿದೆ. ಈಚೆಯ ದ್ವೀಪದಲ್ಲಿ, ಮೆಸಾ ಗೋನಿಯಾ ಊರಿನ ಕೆಳಗೇರಿಯಲ್ಲಿ, ಜ್ವಾಲಾಮುಖಿಯ ಬೂದಿಗುಡ್ಡವನ್ನು ಕೊರೆದು ಮಾಡಿದ ವೈನ್ ಗುಹೆಯೊಳಗೆ, ಅರವತ್ತಮೂರು ವರ್ಷದ ಅನೆಜೀನಾ ತಲೆಗೆ ಬಟ್ಟೆ ಬಿಗಿದು, ತೋಳಿಲ್ಲದ ಹಳೆಯ ಅಂಗಿ ತೊಟ್ಟು, ಒಂದು ದೈತ್ಯ ಪೀಪಾಯಿಯ ಮುಂದೆ ಮಂಡಿಯೂರಿ ಕೂತಿದ್ದಾರೆ. ಓಕ್ ಮರದ ಈ ಪೀಪಾಯಿಗೆ ಊರವರು ಇಟ್ಟಿರುವ ಹೆಸರು ಮುದುಕಿ. ಎತ್ತರದ ಗಂಡಸು ಕೈಯೆತ್ತಿದರೂ ಮುದುಕಿಯ ನೆತ್ತಿ ಸಿಗುವುದಿಲ್ಲ. ಆದರೆ ಒಳಗೆ ಹೋಗಲು ಇರುವುದು ಮುಖದ ಕೆಳಗೊಂದು ಪುಟ್ಟ ಬಾಗಿಲು. ಬೆಕ್ಕು ಸಲೀಸಾಗಿ, ನಾಯಿ ಸ್ವಲ್ಪ ಯೋಚಿಸಿ, ಮನುಷ್ಯರು ದೇವರ ಹೆಸರು ಹೇಳಿ ತೂರಬೇಕಾದ ಬಾಗಿಲು ಅದು.

ಅನೆಜೀನಾ ಮೊದಲು ಒಂದು ಮೋಂಬತ್ತಿ ಹಚ್ಚಿ ಒಳಗಿಡುತ್ತಾರೆ. ಉರಿ ನೆಟ್ಟಗೆ ನಿಂತರೆ ಒಳಗಿನ ಗಾಳಿ ಉಸಿರಾಡಲು ಯೋಗ್ಯ, ನಂದಿದರೆ ಅಂದಿಗೆ ಕೆಲಸಕ್ಕೆ ರಜೆ. ಉರಿ ನಿಂತಿದೆ. ಬಲಗೈ ಒಳಗೆ ಹೋಗುತ್ತದೆ, ಅದರ ಹಿಂದೆ ತಲೆ, ಆಮೇಲೆ ಓರೆಯಾಗಿ ಒಂದು ಹೆಗಲು, ಉಸಿರನ್ನೆಲ್ಲ ಹೊರಬಿಟ್ಟು ಇನ್ನೊಂದು ಹೆಗಲು. ಸೊಂಟದ ಹತ್ತಿರ ಬಂದಾಗ ಮೆರವಣಿಗೆ ನಿಲ್ಲುತ್ತದೆ.

"ಈ ಸಲ ಸೊಂಟ ಮಾತು ಕೇಳ್ತಿಲ್ಲ ಅತ್ತಿಗೆ," ಒಳಗಿಂದ ಗುಂಯ್ ಎಂದು ದನಿ ಬರುತ್ತದೆ.

"ಸೊಂಟದ್ದೇನು ತಪ್ಪು? ಈಸ್ಟರ್ ಹಬ್ಬದಲ್ಲಿ ಕುರಿ ತಿಂದಿದ್ದು ನಾನಾ?" ಪೀಪಾಯಿಯ ಪಕ್ಕದಲ್ಲಿ ದ್ರಾಕ್ಷಿ ತುಂಬುವ ಡಬ್ಬ ಮಗುಚಿಕೊಂಡು ಕೂತಿರುವ ಫ್ಲೋರಾ ಕೇಳುತ್ತಾರೆ. ಅರವತ್ತೆಂಟು ವರ್ಷ, ಕಪ್ಪು ಉಡುಪು, ಕೈಯಲ್ಲಿ ಕೋಲು. ಅನೆಜೀನಾಳ ತೀರಿಹೋದ ಅಣ್ಣ ಪ್ರೊಕೋಪಿಸನ ಹೆಂಡತಿ.

"ನಾನು ತಿಂದಿದ್ದು ಒಂದೇ ಒಂದು!"

"ಒಂದು ತುಂಡಾ, ಒಂದು ಕುರಿನಾ?"

ಒಳಗಿಂದ ನಗು ಕೇಳಿಸುತ್ತದೆ. ನಗುವಾಗ ಹೊಟ್ಟೆ ಎಲ್ಲೋ ಸಡಿಲವಾಗಿರಬೇಕು, ಸೊಂಟವೂ ಕಾಲೂ ಸರಕ್ಕನೆ ಒಳಗೆ ಜಾರಿ ಮಾಯವಾಗುತ್ತವೆ. ಮರುಕ್ಷಣ ಬ್ರಷ್ಷಿನ ಸದ್ದು ಶುರುವಾಗುತ್ತದೆ, ಅದರ ಜೊತೆಗೆ ಮಾತು. ಇನ್ನು ಅನೆಜೀನಾ ಹೊರಗೆ ಬರುವ ತನಕ ಈ ಎರಡೂ ನಿಲ್ಲುವ ಹಾಗಿಲ್ಲ.

ನಿಲ್ಲಬಾರದು ಎಂಬುದು ಈ ಕೆಲಸದ ಕಟ್ಟಳೆ. ವೈನ್ ಕುಡಿದು ಕುಡಿದು ಹಳತಾದ ಮರದೊಳಗೆ ಗಾಳಿ ಯಾವ ಗಳಿಗೆಯಲ್ಲಿ ಕೆಡುತ್ತದೆ ಹೇಳಲಾಗದು. ತಲೆ ತಿರುಗಿದವರಿಗೆ ತಲೆ ತಿರುಗಿದ್ದು ಗೊತ್ತಾಗುವುದೂ ಇಲ್ಲ. ಹಾಗಾಗಿ ಒಳಗೆ ಹೋದವರು ಹಾಡಬೇಕು, ಇಲ್ಲ ಮಾತಾಡಬೇಕು. ಹೊರಗೆ ಕೂತವರು ಪ್ರತಿ ಮಾತಿಗೂ ಹೂಂಗುಟ್ಟಬೇಕು. ದನಿ ನಿಂತರೆ ಕೈಗೆ ಸಿಕ್ಕಿದ್ದನ್ನು ಹಿಡಿದು ಎಳೆಯಬೇಕು. ಕಥೆ ಕೇಳುವಾಗ ಹೂಂಗುಟ್ಟದಿದ್ದರೆ ಹೇಳುವವರಿಗೆ ಬೇಜಾರಾಗುತ್ತದೆ, ಅಷ್ಟೇ. ಇಲ್ಲಿ ಹೂಂಗುಟ್ಟದಿದ್ದರೆ ಜೀವವೇ ಹೋಗುತ್ತದೆ.

ಅದಕ್ಕೇ ಈ ಕೆಲಸಕ್ಕೆ ಕೂರುವವರು ಮನೆಯವರೇ ಆಗಿರಬೇಕು ಎಂದು ಹಿರಿಯರು ಹೇಳುತ್ತಾರೆ. ಅನೆಜೀನಾ ಮತ್ತು ಫ್ಲೋರಾ ಮನೆಯವರೇನೋ ಹೌದು. ಆದರೆ ಇಬ್ಬರಿಗೂ ಮಾತಿಲ್ಲ. ಗುಹೆಯ ಹೊರಗೆ, ಇಗರ್ಜಿಯಲ್ಲಿ, ರೊಟ್ಟಿ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ ಒಬ್ಬರನ್ನೊಬ್ಬರು ಕಂಡರೆ ಒಬ್ಬರು ಸಮುದ್ರ ನೋಡುತ್ತಾರೆ, ಇನ್ನೊಬ್ಬರು ಗುಡ್ಡ ನೋಡುತ್ತಾರೆ. ವರ್ಷಕ್ಕೊಮ್ಮೆ, ದ್ರಾಕ್ಷಿ ಕೀಳುವ ಮುನ್ನ, ನಡುವೆ ಎರಡು ಬೆರಳು ದಪ್ಪದ ಓಕ್ ಹಲಗೆ ಇದ್ದಾಗ ಮಾತ್ರ ಬಾಯಿ ಬಿಡುತ್ತಾರೆ. ಈ ವರ್ಷ ಆ ಹಲಗೆಗೇ ಕುತ್ತು ಬಂದಿದೆ. ಮುದುಕಿ ಸೋರುತ್ತಿದ್ದಾಳೆ. ಆಗಸ್ಟ್ ನಡುವಿನ ಹಬ್ಬದೊಳಗೆ ಸೋರಿಕೆ ನಿಲ್ಲದಿದ್ದರೆ ಅವಳನ್ನು ಕೊಯ್ದು ಮೇಜು ಮಾಡಿಸುತ್ತೇನೆ ಎಂದು ಗುಹೆಯ ಒಡೆಯ ಜಾನಿಸ್ ಹೇಳಿಬಿಟ್ಟಿದ್ದಾನೆ.

ಅನೆಜೀನಾಗೆ ಈ ಕೆಲಸ ಅಮ್ಮನಿಂದ ಬಂದದ್ದು, ಅಮ್ಮನಿಗೆ ಅವರಮ್ಮನಿಂದ. "ನಮ್ಮದು ಗಿಡ್ಡ ವಂಶ," ಎಂದು ಅವರು ನಗುತ್ತಾರೆ. "ನಮಗೆ ಗಂಡು ಸಿಗೋದು ಕಷ್ಟ, ಪೀಪಾಯಿ ಸಿಗೋದು ಸುಲಭ. ನಮ್ಮಮ್ಮ ನನ್ನ ತೊಟ್ಟಿಲಿಗೆ ಹಾಕೋ ಮುಂಚೆ ಹೆಗಲು ಅಳೆದಿರಬೇಕು." ಹದಿನಾರರಲ್ಲಿ ಮೊದಲ ಸಲ ಒಳಗಿಳಿದಾಗ ಹೆದರಿ ಅತ್ತರಂತೆ. ಹೊರಗಿದ್ದ ಅಮ್ಮ, ಅಳುವೂ ದನಿಯೇ, ಅಳುತ್ತಲೇ ಉಜ್ಜು ಎಂದರಂತೆ.

ಜುಲೈ ಮುಗಿಯುವ ಹೊತ್ತಿಗೆ ಊರೂರಿನ ಗುಹೆಗಳಿಂದ ಕರೆ ಬರುತ್ತದೆ. ಚಿಕ್ಕ ಪೀಪಾಯಿಗಳನ್ನು ಬಿಸಿನೀರು ಹಾಕಿ ಉರುಳಿಸಿದರೆ ಸಾಕು, ದಿನಕ್ಕೆ ಹತ್ತು ಹನ್ನೆರಡು ಮುಗಿಯುತ್ತವೆ. ದೊಡ್ಡದಕ್ಕೆ ಒಂದಿಡೀ ದಿನ ಬೇಕು. ಒಳಗೋಡೆಗೆ ವೈನಿನ ಹುಳಿ ಗಾಜಿನ ಚೂರಿನಂತೆ ಗಟ್ಟಿಯಾಗಿ ಅಂಟಿರುತ್ತದೆ. ಅದನ್ನು ಕೆರೆದು ಬಕೆಟ್ಟಿಗೆ ತುಂಬಬೇಕು, ಮರಕ್ಕೆ ಗಾಯವಾಗಬಾರದು. ಆಮೇಲೆ ಉಜ್ಜಬೇಕು, ತೊಳೆಯಬೇಕು, ಕೊನೆಗೆ ಗಂಧಕದ ಹೊಗೆ ಹಾಕಿ ಬಾಗಿಲು ಮುಚ್ಚಬೇಕು. ಹುಳಿಯ ಪುಡಿ ಕಣ್ಣಿಗೆ ಬಿದ್ದು ಬಿದ್ದು ಅನೆಜೀನಾಳ ಕಣ್ಣಂಚು ಸದಾ ಕೆಂಪು. ಚಳಿಗಾಲವಿಡೀ ಗಂಧಕದ ಕೆಮ್ಮು. ಬೆರಳ ಗೆಣ್ಣುಗಳು ಶುಂಠಿಯಂತೆ ಊದಿವೆ. ಇದನ್ನೆಲ್ಲ ಅವರು ದೂರಿನಂತೆ ಹೇಳುವುದಿಲ್ಲ, ಕೇಳಿದರೆ ಮಾತ್ರ ಬೆರಳು ಚಾಚಿ ತೋರಿಸುತ್ತಾರೆ.

ದೇವಮಾತೆ ಪನಾಯಿಯಾ ತಾಯಿಯ ಆ ಹಬ್ಬಕ್ಕೆ ಮುಂಚಿನ ಎರಡು ವಾರ ಇಲ್ಲಿ ಎಲ್ಲರಿಗೂ ಉಪವಾಸ. ಮಾಂಸವಿಲ್ಲ, ಹಾಲಿಲ್ಲ, ಬೆಣ್ಣೆಯಿಲ್ಲ. ಹಳದಿ ಬೇಳೆಯ ಗಟ್ಟಿ ತೊವ್ವೆ, ಬಾರ್ಲಿ ರಸ್ಕು, ಉಪ್ಪಿನಲ್ಲಿಟ್ಟ ಕೇಪರ್ ಮೊಗ್ಗು. ಅನೆಜೀನಾ ಈ ಉಪವಾಸವನ್ನು ಒಂದು ವಾರ ಮೊದಲೇ ಶುರುಮಾಡುತ್ತಾರೆ. ಪಾದ್ರಿ ಒಮ್ಮೆ ಆಕೆಯ ಭಕ್ತಿಯನ್ನು ಎಲ್ಲರೆದುರು ಹೊಗಳಿದ್ದರು. "ಪಾದ್ರಿಗೆ ನಾನೇನೂ ಹೇಳಲಿಲ್ಲ. ತಾಯಿಗೂ ಆಯ್ತು, ಬಾಗಿಲಿಗೂ ಆಯ್ತು," ಎನ್ನುತ್ತಾರೆ ಅನೆಜೀನಾ.

ಈ ಪೀಪಾಯಿಗಳಲ್ಲಿ ಮಲಗುವುದು ನಿಕ್ತೇರಿ ಎಂಬ ವೈನು, ಇಲ್ಲಿನ ಮಾತಿನಲ್ಲಿ ರಾತ್ರಿಯದು ಎಂದರ್ಥ. ಹಗಲು ಕಿತ್ತ ಬಿಳಿ ದ್ರಾಕ್ಷಿಯನ್ನು ಮರುದಿನದ ಬಿಸಿಲು ತಾಗುವ ಮುನ್ನ, ರಾತ್ರಿ ಕಳೆಯುವುದರೊಳಗೆ ಹಿಂಡಿ ಮುಗಿಸುತ್ತಿದ್ದ ಕಾಲದಿಂದ ಬಂದ ಹೆಸರು. ಬೂದಿ ನೆಲದ ದ್ರಾಕ್ಷಿಗೆ ಹುಟ್ಟಿನಿಂದಲೇ ಚುರುಕು ಹೆಚ್ಚು, ನಾಲಿಗೆಗೆ ಇಟ್ಟರೆ ಕಲ್ಲುಪ್ಪು ನೆಕ್ಕಿದ ಹಾಗೆ. ಓಕಿನೊಳಗೆ ಒಂದೆರಡು ಚಳಿಗಾಲ ಕಳೆದ ಮೇಲೆ ಅದಕ್ಕೆ ಹೊಂಬಣ್ಣ ಬರುತ್ತದೆ, ಸಿಟ್ಟು ಇಳಿಯುತ್ತದೆ. ಅನೆಜೀನಾ ಹೇಳುವುದು ಬೇರೆಯೇ ರೀತಿ. "ಹೊಸ ವೈನು ಹೊಸ ಅಳಿಯ ಇದ್ದಂಗೆ. ಒಂದೇ ಸಮ ಮಾತು. ಮರದೊಳಗೆ ಕೂಡಿ ಹಾಕಿದ್ಮೇಲೆ ಮಾತು ಕಮ್ಮಿ ಆಗ್ತದೆ, ತೂಕ ಬರ್ತದೆ." ಬಾಟಲಿಯ ಮೇಲಿನ ಚೀಟಿಯಲ್ಲಿ ಜಾನಿಸನ ತಾತನ ಹೆಸರಿದೆ, ಗುಡ್ಡದ ಚಿತ್ರವಿದೆ. ಪೀಪಾಯಿ ಉಜ್ಜಿದವರ ಹೆಸರು ಹಾಕುವ ಪದ್ಧತಿ ಎಲ್ಲಿಯೂ ಇಲ್ಲ. ಅನೆಜೀನಾಗೆ ಅದು ಬೇಕೆಂದೂ ಅನ್ನಿಸಿಲ್ಲ.

ಜಗಳ ಹುಟ್ಟಿದ್ದು ದ್ರಾಕ್ಷಿ ತೋಟದಿಂದ. ಅನೆಜೀನಾಳ ತಾತ ನೆಟ್ಟ ತೋಟ, ಅಪ್ಪ ಮತ್ತು ಅಣ್ಣ ಹೆಣೆದ ಬಳ್ಳಿಗಳು. ಇಲ್ಲಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದರೆ ಗಾಳಿ ಒಂದೇ ದಿನದಲ್ಲಿ ಹರಿದೊಗೆಯುತ್ತದೆ. ಪ್ರತಿ ಚಳಿಗಾಲದಲ್ಲೂ ಅದನ್ನು ನೆಲಕ್ಕೆ ಒತ್ತಿ, ಸುತ್ತಿ, ಬುಟ್ಟಿಯಂತೆ ಹೆಣೆಯಬೇಕು. ಗೊಂಚಲುಗಳು ಬುಟ್ಟಿಯೊಳಗೆ ಎಲೆಯಡಿ ಬೆಚ್ಚಗಿರುತ್ತವೆ. ಪ್ರೊಕೋಪಿಸ್ ತೀರಿಹೋದ ಮರುವರ್ಷ ಒಂದು ಬೆಳಿಗ್ಗೆ ಫ್ಲೋರಾ ಕರೆಸಿದ ಯಂತ್ರ ಬಂತು. ಮಧ್ಯಾಹ್ನದ ಹೊತ್ತಿಗೆ ಆ ಮುದಿ ಬುಟ್ಟಿಗಳೆಲ್ಲ ಬೇರು ಮೇಲಾಗಿ ರಾಶಿ ಬಿದ್ದಿದ್ದವು. ಅಲ್ಲಿ ಈಗ ಪ್ರವಾಸಿಗರಿಗೆ ನಾಲ್ಕು ಕೋಣೆಗಳಿವೆ, ನಡುವೆ ನೀಲಿ ಈಜುಕೊಳವಿದೆ.

ಅನೆಜೀನಾಗೆ ಯಾರೂ ಮೊದಲೇ ಹೇಳಿರಲಿಲ್ಲ. ಮುಂದಿನ ಭಾನುವಾರ ಪೂಜೆ ಮುಗಿದು ಜನ ಇಗರ್ಜಿಯ ಅಂಗಳದಲ್ಲಿದ್ದಾಗ, ಎಲ್ಲರಿಗೂ ಕೇಳುವಂತೆ ಆಣೆಯಿಟ್ಟರು. ಈ ಬಳ್ಳಿ ಕೀಳಿಸಿದವಳ ಮುಖ ನೋಡಿ ನಾನಿನ್ನು ಮಾತಾಡಿದರೆ ನನ್ನ ನಾಲಿಗೆ ಒಣಗಲಿ ಎಂದರು. ದ್ವೀಪದಲ್ಲಿ ಇಗರ್ಜಿಯ ಅಂಗಳದ ಆಣೆ ಎಂದರೆ ಹುಡುಗಾಟವಲ್ಲ. ಫ್ಲೋರಾ ಕೋಲೂರಿಕೊಂಡು ಮನೆಗೆ ಹೋದರು. ಅವರ ಮಂಡಿಗಳು ಆಗಲೇ ಕೈಕೊಟ್ಟಿದ್ದವು. "ಬುಟ್ಟಿ ಹೆಣೆಯೋಕೆ ನೆಲದ ಮೇಲೆ ಕೂರಬೇಕು. ನಾನು ಕೂತರೆ ಏಳಿಸೋಕೆ ಇಬ್ಬರು ಬೇಕು. ಯಾರಿಗೆ ಹೇಳಲಿ?" ಎಂದು ಫ್ಲೋರಾ ಈಗ ಕೇಳುತ್ತಾರೆ.

ತೀರಿಹೋಗುವ ತನಕ ಪೀಪಾಯಿಯ ಹೊರಗೆ ಕೂರುತ್ತಿದ್ದವನು ಪ್ರೊಕೋಪಿಸ್. ಆಣೆಯ ಬೆನ್ನಿಗೇ ಬಂದ, ಅವನಿಲ್ಲದ ಮೊದಲ ಬೇಸಿಗೆಯಲ್ಲಿ ಕೂಲಿಯವನೊಬ್ಬನನ್ನು ಕೂರಿಸಿದರು. ಅವನು ಅರ್ಧ ಗಂಟೆ ಹೂಂಗುಟ್ಟಿ, ಫೋನು ಬಂತೆಂದು ಬೀದಿಗೆ ಹೋದ. ಒಳಗಿದ್ದ ಅನೆಜೀನಾ ತುಸು ಹೊತ್ತು ಗೋಡೆಗೆ ಮಾತಾಡಿದರು. ಕೈ ಸೋಲತೊಡಗಿದಾಗ ಹೇಗೋ ತೆವಳಿ ಬಾಗಿಲಿಗೆ ಬಂದು ಮೂಗು ಹೊರಗಿಟ್ಟರು. ಸಂಜೆಯೊಳಗೆ ಊರಿಗೆಲ್ಲ ಸುದ್ದಿ ಮುಟ್ಟಿತು. ಮಾರನೆಯ ಮುಂಜಾನೆ ಅನೆಜೀನಾ ಮತ್ತೆ ಒಳಗಿಳಿದ ಮೇಲೆ ಹೊರಗಿಂದ ಯಾರೋ ಕೋಲಿನಲ್ಲಿ ಹಲಗೆ ಕುಟ್ಟಿದರು.

"ಹೂಂ, ಹೇಳು," ಎಂದಿತು ಫ್ಲೋರಾಳ ದನಿ.

ಅನೆಜೀನಾ ಒಳಗೆ ಕೂತು ಯೋಚಿಸಿದರು. ಆಣೆಯಿಟ್ಟದ್ದು ಮುಖ ನೋಡಿ ಮಾತಾಡುವುದಿಲ್ಲ ಎಂದು. ಇಲ್ಲಿ ಮುಖವೆಲ್ಲಿದೆ? ಬರೀ ಮರವಿದೆ. ಮರದೊಡನೆ ಮಾತಾಡಬಾರದೆಂದು ಯಾವ ದೇವರೂ ಹೇಳಿಲ್ಲ. ಬ್ರಷ್ಷು ಎತ್ತಿಕೊಂಡು, ರೊಟ್ಟಿ ಅಂಗಡಿಯವನ ಮಗಳ ನಿಶ್ಚಿತಾರ್ಥದ ಸುದ್ದಿಯಿಂದ ಶುರುಮಾಡಿದರು. ಅಂದಿನಿಂದ ಪ್ರತಿ ಬೇಸಿಗೆಯೂ ಹೀಗೆಯೇ ನಡೆದಿದೆ. ವರ್ಷವಿಡೀ ಕೂಡಿಟ್ಟ ಮಾತೆಲ್ಲ ಆ ಎರಡು ಮೂರು ವಾರಗಳಲ್ಲಿ ಖರ್ಚಾಗುತ್ತದೆ. ಮುದುಕಿಯ ಸರದಿ ಬಂದಾಗಲಂತೂ ಬೆಳಗಿನಿಂದ ಸಂಜೆಯ ತನಕ ಬಿಡುವಿಲ್ಲ.

ಈ ವರ್ಷ ಮುದುಕಿ ಸೋರಲು ಕಾರಣವಾದದ್ದು ಒಂದು ಫೋಟೋ. ವಸಂತದಲ್ಲಿ ಜಾನಿಸ್ ಗುಹೆಯ ಮುಂಭಾಗದಲ್ಲಿ ವೈನ್ ರುಚಿ ನೋಡಲು ಒಂದು ಕೋಣೆ ಮಾಡಿಸಿದ. ಬಂದವರಿಗೆಲ್ಲ ಮುದುಕಿಯ ಪುಟ್ಟ ಬಾಗಿಲಲ್ಲಿ ಮುಖ ತೂರಿಸಿ ಫೋಟೋ ತೆಗೆಸಿಕೊಳ್ಳುವ ಚಪಲ. ಖಾಲಿ ಪೀಪಾಯಿಯ ಬಾಗಿಲು ತೆರೆದಿಡಬಾರದು ಎಂಬುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಜಾನಿಸನಿಗೂ ಗೊತ್ತಿತ್ತು. "ಇವತ್ತೊಂದು ದಿನ, ನಾಳೆ ಮುಚ್ತೀನಿ ಅಂದ್ಕೊಂಡೆ ಅತ್ತೆ," ಎಂದು, ಊರಿನ ಹಿರಿಯ ಹೆಂಗಸರನ್ನೆಲ್ಲ ಅತ್ತೆ ಎಂದೇ ಕರೆಯುವ ಅವನು ತಲೆ ಕೆರೆದುಕೊಳ್ಳುತ್ತಾನೆ. ತೆಂಕಣದ ಒಣಗಾಳಿ ವಾರಗಟ್ಟಲೆ ಒಳಹೊರಗೆ ಆಡಿತು. ಮರ ಒಣಗಿ ಕುಗ್ಗಿತು, ಹಲಗೆಗಳ ನಡುವೆ ಬೆಳಕು ಕಾಣತೊಡಗಿತು.

ಜಾನಿಸ್ ಕೆಟ್ಟವನಲ್ಲ. ಆದರೆ ಸೋರುವ ಪೀಪಾಯಿಗೆ ಒಂದು ವರ್ಷದ ನಿಕ್ತೇರಿಯನ್ನು ಸುರಿಯಲು ಅವನಿಗೆ ಧೈರ್ಯವಿಲ್ಲ. ಅಂಥ ಓಕ್ ಹಲಗೆಯ ಮೇಜುಗಳು ಹೊಸ ಕೋಣೆಗೆ ಒಪ್ಪುತ್ತವೆ ಎಂದು ಬಡಗಿಯೂ ಕಿವಿಯಲ್ಲಿ ಊದಿದ್ದಾನೆ. "ಹಬ್ಬದ ಹೊತ್ತಿಗೆ ನೀರು ನಿಂತರೆ ವೈನು, ನಿಲ್ಲದಿದ್ರೆ ಮೇಜು. ನನ್ನ ಬೈಬೇಡಿ ಅತ್ತೆ," ಎಂದು ಅನೆಜೀನಾಗೆ ಹೇಳಿದ.

"ಬೈಯಲ್ಲ. ಆ ಮೇಜಿನ ಮೇಲೆ ತಿಂದವರಿಗೆ ಹೊಟ್ಟೆನೋವು ಬರ್ಲಿ ಅಂತ ಹರಸ್ತೀನಿ, ಅಷ್ಟೇ," ಎಂದರು ಅವರು.

ಮುದುಕಿಯನ್ನು ಉಳಿಸಲು ಬೇಕಾದದ್ದು ಎರಡು. ಮೊದಲನೆಯದು ಜೊಂಡಿನ ಎಲೆ. ಹಲಗೆಗಳ ಸಂದಿಗೆ ಅದನ್ನು ತುರುಕಿದರೆ ನೀರು ಕುಡಿದು ಉಬ್ಬಿ ಬಿಗಿಯಾಗುತ್ತದೆ. ಈ ದ್ವೀಪದಲ್ಲಿ ಜೊಂಡು ಬೆಳೆಯುವಷ್ಟು ನೀರು ಎಲ್ಲಿದೆ? ನಕ್ಸೋಸ್ ದ್ವೀಪದಿಂದ ಹಡಗಿನಲ್ಲಿ ತರಿಸಿಯಾಯಿತು. ಎರಡನೆಯದು ನೀರು, ಅದೂ ಪೀಪಾಯಿ ತುಂಬ, ಸೋರಿದಷ್ಟೂ ಮತ್ತೆ ತುಂಬುವಷ್ಟು. ನಲ್ಲಿ ನೀರು ಆಗದು, ಅದರಲ್ಲಿನ ಕ್ಲೋರಿನ್ ಓಕಿಗೆ ತಾಗಿದರೆ ಮುಂದಿನ ವೈನೆಲ್ಲ ಒದ್ದೆ ಗೋಣಿಚೀಲದ ವಾಸನೆ ಹೊಡೆಯುತ್ತದೆ. ಮಳೆನೀರೇ ಬೇಕು. ಜಾನಿಸನ ತೊಟ್ಟಿಯಲ್ಲಿ ತಳ ಕಾಣುತ್ತಿದೆ. ಇಡೀ ಕೆಳಗೇರಿಯಲ್ಲಿ ಮಳೆನೀರು ತುಂಬಿರುವ ತೊಟ್ಟಿ ಒಂದೇ, ಅದಿರುವುದು ಫ್ಲೋರಾಳ ಮನೆಯಡಿ. ಈಜುಕೊಳದಲ್ಲಿ ನೀರು ಇಳಿದಾಗ ತುಂಬಿಸಲೆಂದು ಫ್ಲೋರಾ ಅದನ್ನು ಬೀಗ ಹಾಕಿ ಕಾಯುತ್ತಾರೆ.

ಇದು ಎಲ್ಲರಿಗೂ ಗೊತ್ತು. ಜಾನಿಸ್ ತಾನೇ ಹೋಗಿ ಕೇಳುತ್ತೇನೆ ಎಂದಾಗ ಅನೆಜೀನಾ ಬೇಡವೆಂದರು. ಆ ಕೊಳದ ವಿಷಯಕ್ಕೇ ಜಗಳ ಹುಟ್ಟಿದ್ದು. ಈಗ ಅದರ ನೀರನ್ನು ಬೇಡುವುದಾದರೆ ತಾನೇ ಬೇಡಬೇಕು, ಇನ್ನೊಬ್ಬರ ಬಾಯಿಂದಲ್ಲ ಎಂಬುದು ಅವರ ಹಟ.

ಹಾಗಾಗಿ ಈ ಮುಂಜಾನೆ ಮುದುಕಿಯೊಳಗೆ ಕೂತು, ಉಜ್ಜಿ ಮುಗಿದ ಕಡೆಯೆಲ್ಲ ಜೊಂಡು ತುರುಕುತ್ತ ಅನೆಜೀನಾ ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿದ್ದಾರೆ. ಪಾದ್ರಿಯ ಕತ್ತೆ ಹೋಟೆಲಿನವರ ಹೂಕುಂಡ ತಿಂದದ್ದು ಬಂತು. "ಹೂಂ" ಎಂದರು ಫ್ಲೋರಾ. ತಂಗಿಯ ಗಂಡನಿಗೆ ಹೊಸ ಹಲ್ಲು ಕಟ್ಟಿಸಿದ್ದು, ಅವನು ಅದನ್ನು ಊಟಕ್ಕೆ ಮುಂಚೆ ತೆಗೆದಿಡುವುದು ಬಂತು. "ಹೂಂ." ಈ ಸಲದ ಬಿಳಿ ಬದನೆಗೆ ಹುಳ ಬಂದದ್ದು ಬಂತು. "ಹೂಂ." ನೀರಿನ ಮಾತು ಮಾತ್ರ ಬರಲಿಲ್ಲ. ಬಾಯಿಯ ತುದಿಗೆ ಬಂದು ಕತ್ತೆಯ ಕಡೆಗೇ ಮತ್ತೆ ತಿರುಗಿತು.

"ಕತ್ತೆ ಕಥೆ ಆಗ್ಲೇ ಹೇಳಿದೆ," ಎಂದರು ಫ್ಲೋರಾ.

"ಇದು ಬೇರೆ ಕತ್ತೆ."

"ಊರಲ್ಲಿ ಇರೋದೇ ಒಂದು ಕತ್ತೆ ಕಣೆ. ಹೇಳ್ಬೇಕಾಗಿರೋದನ್ನ ಹೇಳು. ಬೆಳಗಿಂದ ಕಾಯ್ತಿದೀನಿ."

ಒಳಗಿನ ದನಿ ನಿಂತುಬಿಟ್ಟಿತು.

ಅನೆಜೀನಾ ಒಳಗೆ ಚೆನ್ನಾಗಿಯೇ ಇದ್ದರು. ಕೈಯಲ್ಲಿ ಜೊಂಡು ಹಿಡಿದು, ಹೇಗೆ ಕೇಳುವುದೆಂದು ತುಟಿ ಕಚ್ಚಿ ಕೂತಿದ್ದರು. ಆದರೆ ಹೊರಗಿದ್ದವರಿಗೆ ಅದು ಕಾಣುವುದು ಹೇಗೆ? ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನಿಲ್ಲದ ದನಿ ನಿಂತಿತ್ತು. ಫ್ಲೋರಾ ಕೋಲು ಬಿಸಾಡಿ, ಹೋದ ಮಂಡಿಗಳ ಮೇಲೆಯೇ ದೊಪ್ಪನೆ ಕೂತು, ಬಾಗಿಲೊಳಗೆ ಕೈ ತೂರಿಸಿದರು. "ಜಾನಿಸ್! ಬಾರೋ! ಅವಳು ಹೋದ್ಲು!" ಎಂದು ಗುಹೆ ನಡುಗುವಂತೆ ಕಿರುಚಿದರು. ಕೈಗೆ ಸಿಕ್ಕಿದ್ದು ಅನೆಜೀನಾಳ ಕೊರಳಪಟ್ಟಿ. ಜಾನಿಸ್ ಓಡಿಬಂದು ಕೈ ಸೇರಿಸಿದ. ಇಬ್ಬರೂ ಸೇರಿ ಎಳೆದ ರಭಸಕ್ಕೆ ಅನೆಜೀನಾಳ ತಲೆ ಮತ್ತು ಒಂದು ಹೆಗಲು ಹೊರಗೆ ಬಂದವು. ಉಳಿದದ್ದು ಬಾಗಿಲಲ್ಲೇ ಸಿಕ್ಕಿಕೊಂಡಿತು.

"ಬಿಡ್ರೋ! ಸತ್ತಿಲ್ಲ ನಾನು! ನೀವೇ ಕೊಲ್ತೀರಿ!" ಅನೆಜೀನಾ ನೆಲ ನೋಡುತ್ತಲೇ ಕೂಗಿದರು.

ಜಾನಿಸ್ ಕೈಬಿಟ್ಟ. ಫ್ಲೋರಾ ಬಿಡಲಿಲ್ಲ. ಇಬ್ಬರು ಹೆಂಗಸರ ಮುಖಗಳೂ ಎದುರುಬದುರಾಗಿ, ಒಂದು ಗೇಣಿನ ಅಂತರದಲ್ಲಿದ್ದವು. ಇಗರ್ಜಿಯ ಅಂಗಳದ ಆ ಭಾನುವಾರದ ನಂತರ ಇಷ್ಟು ಹತ್ತಿರದಿಂದ ಒಬ್ಬರನ್ನೊಬ್ಬರು ನೋಡಿದ್ದೇ ಇಲ್ಲ. ಫ್ಲೋರಾ ಅಳುತ್ತಿದ್ದರು. ಮೂಗು ಒರೆಸಿಕೊಳ್ಳುವುದನ್ನೂ ಮರೆತು, "ನೀರು ಬೇಕು ತಾನೆ? ಅದನ್ನ ಕೇಳೋಕೆ ಇಷ್ಟು ಹೊತ್ತಾ?" ಎಂದರು.

ಅನೆಜೀನಾ ಬಾಯಿ ತೆರೆದರು. ಮತ್ತೆ ಮುಚ್ಚಿದರು. ಆಣೆ ಆಣೆಯೇ. ಅಂಗೈಯೂರಿ, ಹೆಗಲು ಓರೆ ಮಾಡಿ, ಆಮೆಯಂತೆ ತಲೆಯನ್ನು ಮೆಲ್ಲಗೆ ಪೀಪಾಯಿಯೊಳಗೆ ಎಳೆದುಕೊಂಡರು. ಕತ್ತಲೊಳಗೆ ಪೂರ್ತಿ ಮರೆಯಾದ ಮೇಲೆ ದನಿ ಬಂತು.

"ಹೂಂ. ಬೇಕು ಅತ್ತಿಗೆ."

ಜಾನಿಸ್ ನಗು ತಡೆಯಲಾಗದೆ ಹೊರಗೆ ಓಡಿದ. ಫ್ಲೋರಾ ಎದ್ದೇಳಲಾಗದೆ ಅಲ್ಲೇ ನೆಲದ ಮೇಲೆ ಕೂತು, ಹಲಗೆಗೆ ಹಣೆ ಆನಿಸಿದರು. "ಆ ತೊಟ್ಟಿ ಕಟ್ಟಿದ್ದು ನಿಮ್ಮಪ್ಪ ಕಣೆ. ನಿನ್ನ ನೀರು ನಿನಗೆ ಕೊಡೋಕೆ ನನ್ನ ಯಾಕೆ ಕೇಳ್ತೀಯ," ಎಂದರು. ಅಂಗೈಯಲ್ಲಿ ಮೂಗು ಒರೆಸಿಕೊಂಡು, "ಬಳ್ಳಿ ಕಿತ್ತ ದಿನ ನಾನು ಹೊರಗೆ ಬರಲಿಲ್ಲ. ಕಿಟಕಿ ಬಾಗಿಲು ಎಲ್ಲ ಹಾಕ್ಕೊಂಡು, ಕಿವಿ ಮುಚ್ಕೊಂಡು ಕೂತಿದ್ದೆ. ನೀನಾದ್ರೂ ಕೂಗಾಡಿದೆ. ನನಗೆ ಅದೂ ಆಗ್ಲಿಲ್ಲ," ಎಂದರು.

"ಹೂಂ," ಎಂದಿತು ಒಳಗಿನ ದನಿ. ಅಂದು ಅಲ್ಲಿಂದ ಮುಂದೆ ಹೇಳುವವರು ಫ್ಲೋರಾ, ಹೂಂಗುಟ್ಟುವವರು ಅನೆಜೀನಾ. ಮಧ್ಯಾಹ್ನದವರೆಗೂ ಜೊಂಡು ತುರುಕುವ ಕೆಲಸ ನಡೆಯಿತು.

ಅಂದು ಸಂಜೆಯೇ ಜಾನಿಸನ ಗಾಡಿ ಪ್ಲಾಸ್ಟಿಕ್ ಟ್ಯಾಂಕು ಹೊತ್ತು ಫ್ಲೋರಾಳ ಮನೆಗೂ ಗುಹೆಗೂ ಓಡಾಡತೊಡಗಿತು. ಮೊದಲ ಸಲ ತುಂಬಿದಾಗ ಮುದುಕಿ ಜರಡಿಯಂತೆ ಸುರಿದಳು. ಕಬ್ಬಿಣದ ಪಟ್ಟಿಗಳನ್ನು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡಿದರು. ಎರಡನೆಯ ದಿನ ಸುರಿಯುವುದು ನಿಂತು ತೊಟ್ಟಿಕ್ಕತೊಡಗಿತು. ಫ್ಲೋರಾಳ ತೊಟ್ಟಿ ಬರಿದಾಗುತ್ತ ಬಂತು. ಕೊಳದ ನೀರು ಇಳಿದು ಮೆಟ್ಟಿಲು ಕಂಡಿತು. ಬಾಡಿಗೆಗೆ ಬಂದಿದ್ದ ದಂಪತಿ ದೂರು ಹೇಳಲು ಬಂದಾಗ ಫ್ಲೋರಾ ಕೋಲೆತ್ತಿ ಕೆಳಗೆ ತೋರಿಸಿದರು. "ಅಷ್ಟು ದೊಡ್ಡ ಸಮುದ್ರ ಇಟ್ಟಿದ್ದಾನೆ ದೇವರು. ಅದಕ್ಕೆ ನಾನು ನೀರು ತುಂಬಿಸ್ಬೇಕಾಗಿಲ್ಲ, ಹೋಗಿ." ಆ ದಂಪತಿಗೆ ಭಾಷೆ ತಿಳಿಯದಿದ್ದರೂ ಕೋಲು ತಿಳಿಯಿತು.

ಮೂರನೆಯ ರಾತ್ರಿ ಮಲಗುವ ಮುನ್ನ ಅನೆಜೀನಾ ಮುದುಕಿಯ ಅಡಿಯಲ್ಲೆಲ್ಲ ಬಿಳಿ ಬೂದಿಗಲ್ಲಿನ ಪುಡಿಯನ್ನು ಜರಡಿ ಹಿಡಿದು, ರಂಗೋಲಿಗೆ ನೆಲ ಸಾರಿಸಿದಷ್ಟು ನಯವಾಗಿ ಹರಡಿದರು. ಒಂದೇ ಹನಿ ಬಿದ್ದರೂ ಅದರಲ್ಲಿ ಗುಂಡಿ ಬೀಳುತ್ತದೆ. ಬೆಳಗಾಗುತ್ತಲೇ ಜಾನಿಸ್ ದೀಪ ಹಿಡಿದು ಬಗ್ಗಿದ. ಹಿಂದೆ ಅನೆಜೀನಾ, ಗುಹೆಯ ಬಾಗಿಲಲ್ಲಿ ಕೋಲೂರಿ ಫ್ಲೋರಾ. ಪುಡಿಯ ಮೇಲೆ ಬೆಕ್ಕೊಂದು ಓಡಾಡಿದ ಹೆಜ್ಜೆಗಳಿದ್ದವು. ಹನಿ ಬಿದ್ದ ಗುರುತು ಒಂದೂ ಇರಲಿಲ್ಲ. ಜಾನಿಸ್ ಮುದುಕಿಯ ಹೊಟ್ಟೆಯನ್ನು ಅಂಗೈಯಲ್ಲಿ ತಟ್ಟಿ, "ಬಡಗಿಗೆ ಬೇರೆ ಮರ ನೋಡು ಅಂತೀನಿ," ಎಂದ. ಅನೆಜೀನಾ ಶಿಲುಬೆಯ ಗುರುತು ಮಾಡಿಕೊಂಡರು. ಬಾಗಿಲಲ್ಲಿದ್ದ ಫ್ಲೋರಾ ಕೂಡ ಮಾಡಿಕೊಂಡರು. ಒಬ್ಬರು ಗುಡ್ಡ ನೋಡಿದರು, ಇನ್ನೊಬ್ಬರು ಸಮುದ್ರ ನೋಡಿದರು.

ಈಗ ಹಬ್ಬ ಮುಗಿದಿದೆ. ದ್ರಾಕ್ಷಿ ಕಿತ್ತಾಗಿದೆ, ಹಿಂಡಿಯಾಗಿದೆ, ಮುದುಕಿಯ ಹೊಟ್ಟೆಯೊಳಗೆ ಈ ವರ್ಷದ ನಿಕ್ತೇರಿ ಗುಳುಗುಳು ಸದ್ದು ಮಾಡುತ್ತಿದೆ. ಅನೆಜೀನಾ ಉಪವಾಸ ಬಿಟ್ಟು, ಮನೆಯ ಮೆಟ್ಟಿಲ ಮೇಲೆ ಕೂತು ಟೊಮೇಟೊ ವಡೆ ತಿನ್ನುತ್ತಿದ್ದಾರೆ. ಇಷ್ಟು ವರ್ಷ ದುಡಿದಿರಿ, ಇನ್ನೇನಾದರೂ ಆಸೆಯುಂಟೇ ಎಂದು ಕೇಳಿದರೆ ಮೊದಲು ವಡೆ ಮುಗಿಸುತ್ತಾರೆ.

"ಮುಂದಿನ ವರ್ಷಾನೂ ಒಳಗೆ ಹೋಗೋ ಹಂಗಿದ್ರೆ ಸಾಕು. ಅತ್ತಿಗೆಗೆ ಹೇಳೋದು ಇನ್ನೂ ಬೇಕಾದಷ್ಟಿದೆ. ಅವಳು ಹೇಳೋದೂ ಅರ್ಧಕ್ಕೇ ನಿಂತಿದೆ."

ಅದಕ್ಕೆ ಒಂದು ವರ್ಷ ಯಾಕೆ ಕಾಯಬೇಕು, ಅವರ ಮನೆ ಇಲ್ಲೇ ಎರಡು ಓಣಿ ಆಚೆ ಇದೆಯಲ್ಲ, ಹೊರಗೇ ಮಾತಾಡಬಹುದಲ್ಲ?

"ಹೊರಗಾ?" ಅನೆಜೀನಾ ಹುಬ್ಬೇರಿಸಿ, ಇಷ್ಟೂ ತಿಳಿಯದವರನ್ನು ನೋಡುವಂತೆ ನೋಡುತ್ತಾರೆ. "ಹೊರಗೆ ನಾವಿಬ್ರೂ ಮಾತು ಬಿಟ್ಟಿದೀವಲ್ಲ!"